ಗಾಲಿ ಅಳುವುದು ಎಲ್ಲಿಂದ? - ಬೇರಿಂಗು, ಡಿಫರೆನ್ಷಿಯಲ್ ಮತ್ತು ನಮ್ಮ ಪದ್ಮಿನಿ

ಜುಲೈ 26, 2005. ಮುಂಬಯಿಯಲ್ಲಿದ್ದವರಿಗೆ ಈ ತಾರೀಖನ್ನು ವಿವರಿಸಿ ಹೇಳಬೇಕಾಗಿಲ್ಲ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಮೀಠಿ ನದಿ ತನ್ನ ಹಳೆಯ ಜಾಗವನ್ನೆಲ್ಲ ವಾಪಸು ಕೇಳಿದ ದಿನ ಅದು. ಕಾಲೀನಾದಲ್ಲಿ ನಮ್ಮ ಕಟ್ಟಡದ ಅಂಗಳದಲ್ಲಿ ನಿಂತಿದ್ದ ನನ್ನ ಪ್ರೀಮಿಯರ್ ಪದ್ಮಿನಿ ಸೀಟಿನವರೆಗೆ ಮುಳುಗಿತ್ತು. ನೀರಿಳಿದ ಮೇಲೆ ಇಂಜಿನ್ ಆಯಿಲ್ ಬದಲಿಸಿ, ಪ್ಲಗ್ಗು ಒಣಗಿಸಿ, ಸೀಟು ಬಿಸಿಲಿಗೆ ಹಾಕಿ, ಅಂತೂ ಚಾಲೂ ಮಾಡಿದ್ದಾಯಿತು. ಕಾರಿನ ಹಿಂಭಾಗದ ಅಡಿಗೂ ನೀರು ಹೋಗಿರುತ್ತದೆ ಎಂಬುದು ನನಗಾಗಲಿ, ಗಾಡಿ ಎಳೆದು ತಂದವನಿಗಾಗಲಿ ಹೊಳೆಯಲಿಲ್ಲ.

ಆಗಸ್ಟ್ ಮುಗಿಯುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಶುರುವಾಯಿತು. ಮೂವತ್ತು ನಲವತ್ತು ಕಿಲೋಮೀಟರ್ ವೇಗ ಬಂತೆಂದರೆ ಊಂ... ಎಂದು ಮೆಲ್ಲಗೆ ಗೋಳಾಡುವ ದನಿ. ಚೌತಿಗೆ ಊರಿಗೆ ಹೋಗಬೇಕಿತ್ತು. ಕುಮಟೆಗೆ, ಗೋವಾ ಹೈವೇ ಹಿಡಿದು, ಎಂಬತ್ತರ ಅಮ್ಮನನ್ನು ಕೂರಿಸಿಕೊಂಡು, ಕಶೇಡಿ ಘಾಟಿ ಇಳಿದು ಹೋಗುವ ಪ್ರಯಾಣ. ಹತ್ತಿರದ ಗ್ಯಾರೇಜಿನವರು ಒಂದು ಸುತ್ತು ಓಡಿಸಿ ಬಂದು "ಕ್ರೌನ್-ಪಿನಿಯನ್ ಹೋಗಿದೆ, ಪೂರ್ತಿ ಡಿಫರೆನ್ಷಿಯಲ್ ಬದಲಿಸಬೇಕು" ಎಂದು ಚೀಟಿ ಬರೆದು ಕೊಟ್ಟರು. ಆ ಚೀಟಿಯ ಮೊತ್ತಕ್ಕೆ ಆಗ ಅರ್ಧ ಪದ್ಮಿನಿಯೇ ಬರುತ್ತಿತ್ತು!

ಆಗ ಗೆಳೆಯರೊಬ್ಬರು ಕುರ್ಲಾದ ಒಬ್ಬ ಮೇಸ್ತ್ರಿಯ ಬಳಿ ಕಳಿಸಿದರು. ಗೋಕಾಕದ ಕಡೆಯವರು. ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದವರು, ಬದುಕೆಲ್ಲ ಟ್ಯಾಕ್ಸಿಗಳ ಹೊಟ್ಟೆಯ ಕೆಳಗೆ ಕಳೆದವರು. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಕನ್ನಡದವನು ಎಂದು ತಿಳಿದದ್ದೇ ತಡ, ಸ್ಪಾನರ್ ಕೆಳಗಿಟ್ಟು "ಬರ್ರಿ ಸರ, ಮೊದಲ ಚಾ ಕುಡೀರಿ" ಎಂದರು. ಆಮೇಲೆ ನನ್ನ ಪಕ್ಕ ಕೂತು, ಕಿಟಕಿ ಇಳಿಸಿ, ಕಣ್ಣು ಮುಚ್ಚಿಕೊಂಡರು.

"ಸ್ಪೀಡ್ ತಗೋರಿ... ಈಗ ಎಕ್ಸಲೇಟರ್ ಬಿಡ್ರಿ... ಮತ್ತ ಒತ್ರಿ..."

ನಾಲ್ಕೈದು ಸಲ ಹೀಗೆ ಮಾಡಿಸಿದ ಮೇಲೆ ಹೇಳಿದರು: "ಇದು ಡೆಫರನ್ಸಲ್ ಅಲ್ರೀ ಸರ. ಡೆಫರನ್ಸಲ್ ಅತ್ತರ ಎಕ್ಸಲೇಟರ್ ಬಿಟ್ಟಕೂಡ್ಲೆ ದನಿ ಬದಲಾಗಬೇಕು. ಇದು ಬದಲಾಗವಲ್ದು. ಈಗ ಬಲಕ್ಕ ಹೊಳ್ಳಿಸ್ರಿ."

ಬಲಕ್ಕೆ ತಿರುಗಿಸಿದಾಗ ಗೋಳು ಜೋರಾಯಿತು. ಎಡಕ್ಕೆ ತಿರುಗಿಸಿದಾಗ ಸಣ್ಣಗಾಯಿತು. "ಎಡಗಾಲಿ ಬೇರಿಂಗ್" ಎಂದರು. ಅಷ್ಟೇ. ಐದು ನಿಮಿಷ, ಒಂದು ಚಹಾ.

ಈ ಐದು ನಿಮಿಷದ ಹಿಂದೆ ಎಷ್ಟು ವರ್ಷದ ಚರಿತ್ರೆ ಇದೆ ಎಂದು ನಾನು ಓದಿ ತಿಳಿದದ್ದು ಬಹಳ ಆಮೇಲೆ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ನಮ್ಮ ಎತ್ತಿನ ಗಾಡಿಯಿಂದ ಶುರು ಮಾಡೋಣ. ಗಾಡಿಯ ಅಚ್ಚು ತಿರುಗುವುದಿಲ್ಲ, ಅದರ ತುದಿಗೆ ಸಿಕ್ಕಿಸಿದ ಗಾಲಿಗಳು ತಿರುಗುತ್ತವೆ. ಗಾಲಿ ಕಳಚಿ ಬೀಳದಿರಲಿ ಎಂದು ತುದಿಯಲ್ಲಿ ಕಡಾಣಿ. ವಚನ ಓದಿದವರಿಗೆ ಇದರ ಇನ್ನೊಂದು ಹೆಸರು ಗೊತ್ತು, ಕಡೆಗೀಲು. ಉಜ್ಜಾಟ ತಡೆಯಲು ಕೀಲೆಣ್ಣೆ. ಬಲಗಾಲಿ, ಎಡಗಾಲಿ ಎರಡೂ ಸ್ವತಂತ್ರ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಓಡುತ್ತದೆ. ಎಳೆಯುವುದು ಎತ್ತು, ಗಾಲಿಗೆ ಬರೀ ಹಿಂಬಾಲಿಸುವ ಕೆಲಸ. ಹಾಗಾಗಿ ಗೊಡವೆಯೇ ಇಲ್ಲ. ಗಾಡಿಯಲ್ಲಿ ಹೋಗುವಾಗ ಗಾಲಿ ಲಟಲಟ ಎಂದು ಅಡ್ಡಡ್ಡ ಆಡಿದರೆ ಅಜ್ಜ ಇಳಿದು ಮೊದಲು ಕಡಾಣಿ ಮುಟ್ಟಿ ನೋಡುತ್ತಿದ್ದರು. ಅದೂ ಒಂದು ಡಯಾಗ್ನೋಸಿಸ್ಸೇ.

ತಾಪತ್ರಯ ಬಂದದ್ದು ಎತ್ತಿನ ಬದಲು ಅಚ್ಚೇ ಗಾಡಿಯನ್ನು ದೂಡಬೇಕಾದಾಗ. ಎರಡು ಗಾಲಿಗಳನ್ನೂ ಒಂದೇ ಗಟ್ಟಿ ಅಚ್ಚಿಗೆ ಬಿಗಿದು ತಿರುಗಿಸಿದರೆ ತಿರುವಿನಲ್ಲಿ ಒಂದು ಗಾಲಿ ಜಾರಲೇಬೇಕು, ಇಲ್ಲವೇ ಅಚ್ಚು ಮುರಿಯಬೇಕು. ಇದಕ್ಕೆ ಫ್ರಾನ್ಸಿನ ಗಡಿಯಾರ ಕುಶಲಿ ಒನೆಸಿಫೋರ್ ಪೆಕ್ಕರ್ ಎಂಬಾತ 1827-28ರ ಸುಮಾರಿಗೆ ಹಬೆಗಾಡಿಗಾಗಿ ಒಂದು ಉಪಾಯ ಹುಡುಕಿ ಪೇಟೆಂಟ್ ಪಡೆದ. ಅಚ್ಚನ್ನು ನಡುವೆ ಎರಡು ತುಂಡು ಮಾಡಿ, ನಡುವೆ ಸಣ್ಣ ಹಲ್ಲುಚಕ್ರಗಳನ್ನು ಕೂರಿಸಿ, ಎರಡೂ ಕಡೆಗೆ ಬಲ ಹಂಚುತ್ತಲೇ ವೇಗ ಮಾತ್ರ ಬೇರೆ ಬೇರೆ ಇರುವಂತೆ ಮಾಡಿದ. ಅದೇ ಡಿಫರೆನ್ಷಿಯಲ್.

ಐವತ್ತು ವರ್ಷದ ನಂತರ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲಿ ಇದನ್ನೇ ಇನ್ನೊಮ್ಮೆ ಕಂಡುಹಿಡಿದ. ಅಪ್ಪ ಮಗ ಪಕ್ಕಪಕ್ಕ ಕೂತು ತುಳಿಯುವ ಸೈಕಲ್ಲು. ಮಗನ ಕಾಲಿಗೆ ಕಸುವು ಹೆಚ್ಚು, ಗಾಡಿ ಅಪ್ಪನ ಕಡೆಗೆ ತಿರುಗಿ ಸೀದಾ ತುರಿಕೆ ಗಿಡದ ಪೊದೆಗೆ ನುಗ್ಗಿತು, ಅಲ್ಲಿ ಕೂತೇ ಅವನಿಗೆ ಹೊಳೆಯಿತು ಎಂದು ಕತೆ. ಕತೆ ಹೇಗೇ ಇರಲಿ, 1877ರಲ್ಲಿ ಪೇಟೆಂಟ್ ಬಂತು, ಅವನ ಮೂರು ಗಾಲಿಯ ಸೈಕಲ್ಲನ್ನು ವಿಕ್ಟೋರಿಯಾ ರಾಣಿಯೂ ತರಿಸಿಕೊಂಡಳು. ಕಾರು ಹುಟ್ಟುವ ಹೊತ್ತಿಗೆ ಡಿಫರೆನ್ಷಿಯಲ್ ಸಿದ್ಧವಾಗಿ ಕಾದು ಕೂತಿತ್ತು.

ಇದರ ಗಣಿತ ಬಹಳ ಸರಳ. ಎರಡು ಗಾಲಿಗಳ ಸುತ್ತು ಕೂಡಿಸಿ ಅರ್ಧ ಮಾಡಿದರೆ ನಡುವಿನ ಗೂಡಿನ ಸುತ್ತು. ಹಾಗಾಗಿ ಹಿಂದಿನ ಎರಡೂ ಗಾಲಿ ಎತ್ತಿ, ಗೇರಿನಲ್ಲಿಟ್ಟು, ಒಂದನ್ನು ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಅಷ್ಟೇ ಹಿಂದಕ್ಕೆ ತಿರುಗಬೇಕು. ಮೇಸ್ತ್ರಿಗಳು ಈ ಗಣಿತ ಬರೆಯುವುದಿಲ್ಲ, ಬಳಸುತ್ತಾರೆ. ಉಸ್ತಾದ್ ನನ್ನ ಕಾರನ್ನು ಜ್ಯಾಕಿನ ಮೇಲೆ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು (ಬರೀ ಜ್ಯಾಕನ್ನು ನಂಬಿ ಕಾರಿನಡಿ ಮಲಗಬೇಡಿ ದಯವಿಟ್ಟು!) ಮೊದಲು ಮಾಡಿದ್ದು ಅದನ್ನೇ. ಆಮೇಲೆ ಕೆಳಗೆ ಹೊಕ್ಕು ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಗೇರ್ ಹಾಕಿ ಕ್ಲಚ್ ಬಿಟ್ಟಾಗ "ಟಕ್" ಎಂದು ಬರುವ ಸದ್ದಿಗೆ ಜನ ತಕ್ಷಣ ಡಿಫರೆನ್ಷಿಯಲ್ಲನ್ನು ದೂರುತ್ತಾರೆ. ಆದರೆ ಆ ಆಟ ನಾಲ್ಕು ಕಡೆ ಅಡಗಿರಬಹುದು. ಶಾಫ್ಟಿನ ಕ್ರಾಸ್ ಸವೆದಿರಬಹುದು. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವೆ ಸಂದು ಹೆಚ್ಚಿರಬಹುದು. ಗೂಡಿನೊಳಗಿನ ಸಣ್ಣ ಚಕ್ರಗಳು, ಅವುಗಳ ಪಿನ್ನು ಸವೆದಿರಬಹುದು. ಗಾಲಿಗೆ ಹೋಗುವ ಆಕ್ಸಲ್ ಶಾಫ್ಟಿನ ಒಳತುದಿಯ ಹಲ್ಲು ಸಡಿಲಾಗಿರಬಹುದು. ಒಂದೊಂದು ಕಡೆಯೂ ಚೂರು ಚೂರು ಸೇರಿ ಗಾಲಿಯ ಅಂಚಿನಲ್ಲಿ ನೋಡಿದರೆ ಬೆರಳಗಲ ಆಗಿಬಿಡುತ್ತದೆ.

ಬೇರ್ಪಡಿಸುವುದು ಹೇಗೆ? ಕ್ರಾಸಿನ ಎರಡೂ ಬದಿಗೆ ಒಂದೊಂದು ಕೈ ಇಟ್ಟು ವಿರುದ್ಧ ದಿಕ್ಕಿಗೆ ತಿರುಚಿ. ಕೈಗಳ ನಡುವೆಯೇ ಅಲುಗಿದರೆ ಕ್ರಾಸಿನದೇ ತಪ್ಪು. ಇಲ್ಲದಿದ್ದರೆ ಗಾಲಿ ಅಲುಗದಂತೆ ಬ್ರೇಕು ಹಿಡಿಸಿ ಪಿನಿಯನ್ನಿನ ಚಾಚುಪಟ್ಟಿಯನ್ನು ಮಾತ್ರ ಆಡಿಸಿ. ತಿರುಗುವ ಆಟ ಒಂದಿಷ್ಟು ಇರಲೇಬೇಕು, ಪೂರಾ ಬಿಗಿ ಮಾಡಿದರೆ ಹಲ್ಲು ಹಲ್ಲಿಗೆ ಉಜ್ಜಿ ಬಿಸಿಯೇರಿ ಹಾಳಾಗುತ್ತದೆ. ಕ್ರೌನ್-ಪಿನಿಯನ್ ನಡುವಿನ ಈ ಸಂದನ್ನು ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ, ಐದಾರು ಸಾವಿರಾಂಶ ಎಂದರೆ ಮಾಮೂಲು. ಆದರೆ ಪಿನಿಯನ್ ಮೇಲೆ ಕೆಳಗೆ ಅಥವಾ ಹಿಂದೆ ಮುಂದೆ ಅಲುಗಿತೋ, ಅದು ಸಂದಲ್ಲ, ಪಿನಿಯನ್ ಬೇರಿಂಗಿನ ಸಾವು. ಸಂದು ಬೇರೆ, ಸಡಿಲ ಬೇರೆ. ಕಾಗದದ ಮೇಲೆ ಎರಡೂ "ಪ್ಲೇ"ಯೇ.

ನನ್ನ ಗಾಡಿಯ ಪಿನಿಯನ್ ಗಟ್ಟಿಯಿತ್ತು. ಆದರೆ ಉಸ್ತಾದ್ ಹೌಸಿಂಗಿನ ಬೋಲ್ಟು ಬಿಚ್ಚಿ ಬೆರಳಾಡಿಸಿ ತೋರಿಸಿದಾಗ ನನಗೆ ಎದೆ ಧಸಕ್ಕೆಂದಿತು. ತೊಂಬತ್ತು ನಂಬರಿನ ಆಯಿಲ್ ಚಹಾಕ್ಕೆ ಹಾಲು ಬೆರೆಸಿದ ಹಾಗಾಗಿತ್ತು. ಹೌಸಿಂಗಿಗೆ ಉಸಿರಾಡಲೊಂದು ಸಣ್ಣ ತೂತು ಇರುತ್ತದೆ. ಬಿಸಿ ಹೌಸಿಂಗು ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ಆ ತೂತಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ನಿಂತ ಗಾಡಿಗೂ ಹಳೆಯ ಸೀಲುಗಳ ಅಂಚಿನಿಂದ ನೀರು ನುಗ್ಗುತ್ತದೆ. "ಇನ್ನೊಂದು ತಿಂಗಳು ಬಿಟ್ಟಿದ್ರ ಅವರು ಹೇಳಿದ್ದು ಖರೇನ ಆಗ್ತಿತ್ತು" ಎಂದರು ಉಸ್ತಾದ್. ಆ ವರ್ಷ ಅವರ ಗ್ಯಾರೇಜಿನ ಮುಂದೆ ಟ್ಯಾಕ್ಸಿಗಳ ಸಾಲೇ ಇತ್ತಂತೆ, ಎಲ್ಲವೂ ಅಳುವ ಗಾಲಿಗಳು.

ಈಗ ಬೇರಿಂಗಿಗೆ ಬರೋಣ. ನನ್ನ ಪ್ರಕಾರ ಇಡೀ ಕತೆಯ ನಾಯಕ ಇದೇ, ಡಿಫರೆನ್ಷಿಯಲ್ ಅಲ್ಲ.

1794ರಲ್ಲಿ ವೇಲ್ಸಿನ ಕಾರ್ಮಾರ್ಥೆನ್ ಊರಿನ ಕಬ್ಬಿಣದ ವ್ಯಾಪಾರಿ ಫಿಲಿಪ್ ವಾನ್, ಕುದುರೆಗಾಡಿಯ ಅಚ್ಚಿನ ಗಾಡಿಯಲ್ಲಿ ಗುಂಡುಗಳನ್ನಿಟ್ಟು ಪೇಟೆಂಟ್ ಪಡೆದ. ಉಜ್ಜುವ ಬದಲು ಉರುಳಿಸುವ ವಿಚಾರ. ಆದರೆ ಒಂದೇ ಅಳತೆಯ, ನಿಜಕ್ಕೂ ಗುಂಡಗಿರುವ ಗುಂಡು ಮಾಡುವವರಾರು? 1869ರಲ್ಲಿ ಪ್ಯಾರಿಸ್ಸಿನಿಂದ ರೂಆಂ ಪಟ್ಟಣಕ್ಕೆ ನಡೆದ ಸೈಕಲ್ ಓಟದಲ್ಲಿ ಗೆದ್ದ ಜೇಮ್ಸ್ ಮೂರ್‌ನ ಸೈಕಲ್ಲಿಗೆ ಜೂಲ್ ಸುರಿರೇಯ ಬಾಲ್ ಬೇರಿಂಗ್ ಇತ್ತು. ಗುಂಡುಗಳನ್ನು ಕೈಯಲ್ಲೇ ತೀಡಿ ಮಾಡುವ ಕಾಲ. 1883ರಲ್ಲಿ ಜರ್ಮನಿಯ ಶ್ವೈನ್‌ಫರ್ಟ್‌ನಲ್ಲಿ ಫ್ರೀಡ್ರಿಶ್ ಫಿಶರ್ ಉಕ್ಕಿನ ಗುಂಡುಗಳನ್ನು ಯಂತ್ರದಲ್ಲಿ ಅರೆದು ಒಂದೇ ಅಳತೆಗೆ ತರುವುದನ್ನು ಸಾಧಿಸಿದ ಮೇಲೆಯೇ ಬೇರಿಂಗು ಎಲ್ಲರ ಮನೆಯ ವಸ್ತುವಾದದ್ದು. ಆ ಊರಿನ ಹೆಸರು ನೆನಪಿಡಿ, ಮತ್ತೆ ಬರುತ್ತದೆ.

ಗುಂಡು ಭಾರ ಹೊರುತ್ತದೆ. ಆದರೆ ತಿರುವಿನಲ್ಲಿ ಗಾಡಿ ಪಕ್ಕಕ್ಕೆ ನೂಕುತ್ತದಲ್ಲ, ಆ ನೂಕು ಹೊರುವವರು ಯಾರು? ಇದು ಸೇಂಟ್ ಲೂಯಿಯ ಕುದುರೆಗಾಡಿ ತಯಾರಕ ಹೆನ್ರಿ ಟಿಮ್ಕೆನ್‌ನ ತಲೆಬಿಸಿ. 1898ರಲ್ಲಿ ಅವನು ಓರೆಯಾದ ಉರುಳೆಗಳ ಬೇರಿಂಗಿಗೆ ಪೇಟೆಂಟ್ ಪಡೆದ. ಒಂದೇ ಬೇರಿಂಗು ಭಾರವನ್ನೂ ಹೊರುತ್ತದೆ, ಪಕ್ಕದ ನೂಕನ್ನೂ ಹೊರುತ್ತದೆ. ಇನ್ನೊಂದು ಲಾಭವೂ ಇದೆ. ಸವೆದು ಸಡಿಲಾದರೆ ನಟ್ಟು ಬಿಗಿದು ಆಟ ತೆಗೆಯಬಹುದು. ಗಾಲಿ ತಿರುಗಿಸುತ್ತ ನಟ್ಟು ಬಿಗಿ ಮಾಡು, ಆಮೇಲೆ ಸ್ವಲ್ಪ ಸಡಿಲಿಸು, ಸ್ಪ್ಲಿಟ್ ಪಿನ್ನು ಹಾಕು. ನೋಡಿ, ಸ್ಪ್ಲಿಟ್ ಪಿನ್ನು ಎಂದರೆ ನಮ್ಮ ಕಡೆಗೀಲೇ! ಕಳೆದ ಶತಮಾನದ ಬಹುಪಾಲು ಕಾರುಗಳ ಮುಂದಿನ ಗಾಲಿಗಳು ಈ ಒಂದು ಪಿನ್ನನ್ನು ನಂಬಿ ಓಡಿದವು.

ಮುಂದಿನ ಗಾಲಿ ನೋಡುವ ಕ್ರಮವೂ ಟ್ಯಾಕ್ಸಿ ಗ್ಯಾರೇಜುಗಳಲ್ಲಿ ಮಂತ್ರದಂತೆ ಬಾಯಿಪಾಠ. ಗಾಲಿಯನ್ನು ಮೇಲೆ ಕೆಳಗೆ, ಅಂದರೆ ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಆಡಿಸು. ಅಲುಗಿದರೆ ಬೇರಿಂಗು ಇರಬಹುದು, ಕಿಂಗ್ ಪಿನ್ನು ಅಥವಾ ಬಾಲ್ ಜಾಯಿಂಟ್ ಇರಬಹುದು. ಈಗ ಒಳಗೆ ಕೂತವರಿಗೆ ಬ್ರೇಕು ಒತ್ತಲು ಹೇಳು. ಅಲುಗಾಟ ನಿಂತರೆ ಬೇರಿಂಗೇ. ನಿಲ್ಲದಿದ್ದರೆ ಅದರ ಹಿಂದಿನ ಪಿನ್ನು. ಮೂರು ಮತ್ತು ಒಂಬತ್ತರ ಜಾಗದಲ್ಲಷ್ಟೇ ಅಲುಗಿದರೆ ಸ್ಟಿಯರಿಂಗಿನ ಟೈ ರಾಡು. ಇದನ್ನು ಮೊದಲು ಯೋಚಿಸಿದವರು ಯಾರೋ, ಅವರ ಹೆಸರು ಯಾವ ಪೇಟೆಂಟಿನಲ್ಲೂ ಇಲ್ಲ.

1907ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಸ್ವೆನ್ ವಿಂಗ್‌ಕ್ವಿಸ್ಟ್ ಎಸ್‌ಕೆಎಫ್ ಕಂಪೆನಿ ಕಟ್ಟಿದರು. ಆ ಕಂಪೆನಿ ಮಾರಬೇಕೆಂದಿದ್ದ ಒಂದು ಬೇರಿಂಗಿಗೆ 1915ರಲ್ಲಿ ಇಟ್ಟುಕೊಂಡ ಹೆಸರು "ವೋಲ್ವೋ". ಲ್ಯಾಟಿನ್ನಿನಲ್ಲಿ "ನಾನು ಉರುಳುತ್ತೇನೆ" ಎಂದರ್ಥ. ಬೇರಿಂಗು ಆ ಹೆಸರಿನಲ್ಲಿ ನಡೆಯಲಿಲ್ಲ, ಹೆಸರು ಕಪಾಟಿನಲ್ಲಿ ಉಳಿಯಿತು, 1927ರಲ್ಲಿ ಕಾರಿಗೆ ಬಂತು. ಊರಿಗೆ ಹೋಗಲು "ವೋಲ್ವೋ ಬುಕ್ ಮಾಡಿದ್ದೀಯಾ?" ಎಂದು ಕೇಳುವಾಗಲೆಲ್ಲ ನಾವು ಒಂದು ಬೇರಿಂಗಿನ ಹೆಸರು ಹೇಳುತ್ತಿದ್ದೇವೆ.

ಬೇರಿಂಗು ಎಷ್ಟು ಮುಖ್ಯ ಎಂದು ಲೋಕಕ್ಕೆ ಗೊತ್ತಾದದ್ದು ಎರಡನೇ ಮಹಾಯುದ್ಧದಲ್ಲಿ. ಜರ್ಮನಿಯ ಬೇರಿಂಗುಗಳಲ್ಲಿ ಅರ್ಧದಷ್ಟು ಅದೇ ಶ್ವೈನ್‌ಫರ್ಟ್‌ನಲ್ಲಿ ತಯಾರಾಗುತ್ತಿದ್ದವು. ಅದನ್ನು ಮುರಿದರೆ ಟ್ಯಾಂಕು, ವಿಮಾನ, ಲಾರಿ ಎಲ್ಲ ನಿಲ್ಲುತ್ತವೆ ಎಂದು ಅಮೆರಿಕದ ವಿಮಾನಗಳು 1943ರ ಆಗಸ್ಟ್ 17 ಮತ್ತು ಅಕ್ಟೋಬರ್ 14ರಂದು ಬಾಂಬು ಹಾಕಿದವು. ಎರಡನೇ ದಾಳಿಯೊಂದರಲ್ಲೇ 60 ಬಾಂಬರುಗಳು ವಾಪಸು ಬರಲಿಲ್ಲ. ಜರ್ಮನಿ ನಿಲ್ಲಲೂ ಇಲ್ಲ. ಅತ್ತ ಇಂಗ್ಲೆಂಡು ತನ್ನ ಕೊರತೆಗೆ ಸ್ವೀಡನ್ನಿನಿಂದ ಮಸ್ಕೀಟೋ ವಿಮಾನಗಳಲ್ಲಿ ರಾತ್ರೋರಾತ್ರಿ ಬೇರಿಂಗು ತರಿಸುತ್ತಿತ್ತು.

ಯುದ್ಧಕ್ಕೆ ಮುಂಚೆ ಅಮೆರಿಕದಲ್ಲೊಂದು ತಮಾಷೆ ನಡೆದಿತ್ತು. ಹೊಸ ಕಾರು, ಒಂದು ಮೈಲಿಯೂ ಓಡಿಲ್ಲ, ಆದರೂ ಗಾಲಿ ಬೇರಿಂಗು ಸದ್ದು ಮಾಡುತ್ತಿದೆ. 1937ರ ಹೊತ್ತಿಗೆ ಜನರಲ್ ಮೋಟರ್ಸ್‌ನ ಜಾನ್ ಆಲ್ಮೆನ್ ಇದರ ಬೆನ್ನು ಹತ್ತಿದರು. ಕಾರುಗಳನ್ನು ದೂರದೂರಿಗೆ ರೈಲಿನಲ್ಲಿ ಕಟ್ಟಿ ಕಳಿಸುತ್ತಿದ್ದರು. ಗಾಲಿ ತಿರುಗುವುದಿಲ್ಲ, ರೈಲು ನಡುಗುತ್ತದೆ, ಉರುಳೆ ನಿಂತಲ್ಲೇ ನಿಂತು ಅದೇ ಜಾಗವನ್ನು ಕುಟ್ಟಿ ಕುಟ್ಟಿ ಗುಳಿ ಮಾಡುತ್ತದೆ. ಓಡದೇ ಸವೆಯುವುದು!

ಇನ್ನು ನಮ್ಮವರೊಬ್ಬರ ಕತೆ. ಮಾಟುಂಗಾ-ಮಾಹಿಮ್ ಕಡೆ ಕರ್ನಾಟಕ ಸಂಘದ ಸಭಾಂಗಣಕ್ಕೆ ಹೋಗುವ ನಾವೆಲ್ಲ ಗೋಡೆಯ ಮೇಲಿನ ಅವರ ಹೆಸರು ನೋಡುತ್ತೇವೆ, ಕೈ ಮುಗಿಯುತ್ತೇವೆ. ಆದರೆ ಮುಂಬಯಿಯ ಕಾರಿಗೂ ಸರ್ ಎಂ. ವಿಶ್ವೇಶ್ವರಯ್ಯನವರಿಗೂ ಸಂಬಂಧ ಇದೆ ಎಂದು ನನಗೆ ಬಹುಕಾಲ ಗೊತ್ತಿರಲಿಲ್ಲ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪು ಅಮೆರಿಕಗಳ ಕಾರು ಕಾರ್ಖಾನೆಗಳನ್ನು ಸುತ್ತಿ ಬಂದರು. ಭಾರತದಲ್ಲೇ ಕಾರು ಮಾಡುವ ಯೋಜನೆ ಬರೆದು ಮುಂಬಯಿ ಸರ್ಕಾರದ ಮುಂದಿಟ್ಟರು. ಬಿ. ಜಿ. ಖೇರ್ ಮಂತ್ರಿಮಂಡಲ ಒಲವು ತೋರಿಸಿತು, ಆದರೆ 1939ರಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದ್ದರು. 1940ರಲ್ಲಿ ಅಮೆರಿಕದ ಕ್ರೈಸ್ಲರ್ ಜೊತೆ ಒಪ್ಪಂದವಾಯಿತು. ಮೈಸೂರು ಸಂಸ್ಥಾನ ಪಾಲುದಾರನಾಗಲು ಮುಂದೆ ಬಂತು. ಯುದ್ಧದ ನೆಪ ಹೇಳಿ ದೆಹಲಿ ಅಡ್ಡಗಾಲು ಹಾಕಿತು. ಅದೇ ವಾಲ್‌ಚಂದರ ವಿಮಾನ ಕಾರ್ಖಾನೆಗೆ ಮಾತ್ರ ಯುದ್ಧದ ಕಾರಣದಿಂದಲೇ ಒಪ್ಪಿಗೆ ಸಿಕ್ಕಿತು, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು, ಮುಂದೆ ಎಚ್‌ಎಎಲ್ ಆಯಿತು. ಕಾರು ಕಾದಿತು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು, 1947ರಲ್ಲಿ ಕುರ್ಲಾದಿಂದ ಮೊದಲ ಗಾಡಿ ಹೊರಬಂತು. ಕಾರು ಬೆಂಗಳೂರಿಗೆ, ವಿಮಾನ ಮುಂಬಯಿಗೆ ಎಂದಾಗಿದ್ದರೆ? ನನ್ನ ಉಸ್ತಾದ್ ಗೋಕಾಕದಿಂದ ಬೆಂಗಳೂರಿನ ರೈಲು ಹತ್ತುತ್ತಿದ್ದರೋ ಏನೋ.

ಮೊದಮೊದಲು ಬಿಡಿಭಾಗ ತರಿಸಿ ಜೋಡಿಸುವುದೇ ಕೆಲಸ. ಬೇರಿಂಗು ಅಂತೂ ಪೂರಾ ಪರದೇಶದ್ದು. ಜೈಪುರದಲ್ಲಿ ನ್ಯಾಶನಲ್ ಎಂಜಿನಿಯರಿಂಗ್ ಇಂಡಸ್ಟ್ರೀಸ್‌ನಿಂದ 1950ರಲ್ಲಿ ಮೊದಲ ದೇಶೀ ಬೇರಿಂಗು ಬಂತು. ಪುಣೆಯ ಚಿಂಚವಾಡದಲ್ಲಿ ಎಸ್‌ಕೆಎಫ್ ಕಾರ್ಖಾನೆ ಶುರುವಾದದ್ದು 1960ರ ದಶಕದಲ್ಲಿ. ಫಿಯೆಟ್ 1100 ಡಿಲೈಟ್ 1964ರಲ್ಲಿ ಬಂತು, ಅದೇ ಗಾಡಿಗೆ 1974ರಲ್ಲಿ ಪದ್ಮಿನಿ ಎಂದು ಹೆಸರಾಯಿತು. ಮುಂದೆ ಕಾಯಿಲ್ ಸ್ಪ್ರಿಂಗು, ಹಿಂದೆ ಪಟ್ಟಿ ಸ್ಪ್ರಿಂಗಿನ ಮೇಲೆ ಗಟ್ಟಿ ಆಕ್ಸಲ್ಲು. ಇಂಜಿನ್ ಬರೀ 1089 ಸಿಸಿ. ಆದರೆ ಕರಿ ಹಳದಿ ಬಣ್ಣ ಹಚ್ಚಿ ರಸ್ತೆಗೆ ಬಿಟ್ಟರೆ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿಯುತ್ತಿತ್ತು, ಹಗಲಿಗೊಬ್ಬ ರಾತ್ರಿಗೊಬ್ಬ ಚಾಲಕ. ಅಂಥ ಗಾಡಿಯಲ್ಲಿ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಆಟ ಇರುವುದೇ ಸಹಜ ಸ್ಥಿತಿ. ಯಾವ ಆಟವನ್ನು ಬಿಡಬಹುದು, ಯಾವುದನ್ನು ಇವತ್ತೇ ತೆಗೆಯಬೇಕು ಎಂಬುದೇ ಮೇಸ್ತ್ರಿಯ ವಿದ್ಯೆ. ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಚಾಲಕನ ಒಂದು ದಿನದ ಅನ್ನ ಹೋಯಿತು. ಇವತ್ತೇ ತೆಗೆಯಬೇಕಾದ್ದನ್ನು ನಾಳೆಗೆ ಬಿಟ್ಟರೆ ಗಾಲಿಯೇ ಹೋಯಿತು. (ಮೋಸವೂ ಇತ್ತು ಬಿಡಿ. ಡಿಫರೆನ್ಷಿಯಲ್ಲಿಗೆ ಮರದ ಪುಡಿ ತುಂಬಿ ಸದ್ದಡಗಿಸಿ ಗಾಡಿ ಮಾರುವ ವಿದ್ಯೆ ಲೋಕದಾದ್ಯಂತ ಹಳೆಯದು.)

ನನ್ನ ಎಡಗಾಲಿ? ಉಸ್ತಾದ್ ಗಾಲಿಯನ್ನು ಕೈಯಿಂದ ಗಿರ್ರೆಂದು ತಿರುಗಿಸಿ ಪಟ್ಟಿ ಸ್ಪ್ರಿಂಗಿನ ಮೇಲೆ ನನ್ನ ಅಂಗೈ ಇರಿಸಿದರು. ಜರಜರ ಎಂದು ಮರಳಿನ ಮೇಲೆ ನಡೆದ ಹಾಗೆ ನಡುಕ. ಬಲಗಾಲಿಯದು ನುಣ್ಣಗೆ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಹೌಸಿಂಗಿಗೆ, ಹಿಡಿ ನನ್ನ ಕಿವಿಗೆ. ಡಾಕ್ಟರರ ಸ್ಟೆತಾಸ್ಕೋಪಿನ ಹಾಗೆಯೇ. ಡ್ರಮ್ಮು ಬಿಚ್ಚಿ ಶಾಫ್ಟು ಎಳೆದಾಗ ಬೇರಿಂಗಿನ ಗ್ರೀಸಿನ ಬದಲು ತುಕ್ಕಿನ ಕೆಸರು, ಒಳಬಳೆಯ ಮೇಲೆ ಸಿಡುಬಿನ ಕಲೆಯಂಥ ಗುಳಿಗಳು.

"ಸರ, ಈ ಜಾತಿ ಆಕ್ಸಲ್‌ಗೆ ಗಾಲಿನೂ ಇದ ಹೊರತೈತಿ, ಶಾಫ್ಟ್‌ನೂ ಇದ ಹಿಡಿತೈತಿ. ಇದು ಒಡದ್ರ ಗಾಲಿ ಶಾಫ್ಟ್ ಸಮೇತ ಹೊರಗ ಬರ್ತೈತಿ. ಅದೂ ಘಾಟಿನ್ಯಾಗ."

ನಾನು ಅಮ್ಮನಿಗೆ ಈ ಮಾತು ಕೊನೆಯವರೆಗೂ ಹೇಳಲಿಲ್ಲ.

ಹೊಸ ಬೇರಿಂಗು, ಹೊಸ ಸೀಲು, ಹೌಸಿಂಗು ತೊಳೆದು ಹೊಸ ತೊಂಬತ್ತು ನಂಬರ್ ಆಯಿಲ್. ಗ್ಯಾರೇಜಿನ ಚೀಟಿಯ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಚೌತಿಗೆ ಎರಡು ದಿನ ಮೊದಲು ಹೊರಟು ಸುಖವಾಗಿ ಊರು ಸೇರಿದೆವು. ಕಶೇಡಿ ಇಳಿಯುವಾಗ ಕಿಟಕಿ ಇಳಿಸಿ ಕಿವಿಗೊಟ್ಟೇ ಇದ್ದೆ.

ಪದ್ಮಿನಿ ತಯಾರಿಕೆ ಆ ವೇಳೆಗಾಗಲೇ ನಿಂತಿತ್ತು. 2008ರಲ್ಲಿ ಟ್ಯಾಕ್ಸಿಗೆ 25 ವರ್ಷದ ಮಿತಿ, 2013ರಲ್ಲಿ 20 ವರ್ಷ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು, ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಉಸ್ತಾದ್ ಅದಕ್ಕೂ ಮೊದಲೇ ಗ್ಯಾರೇಜು ಮುಚ್ಚಿ ಊರಿಗೆ ಹೋಗಿದ್ದರು. ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಳೆಯುವುದು ಮುಂದಿನ ಗಾಲಿಗಳು. ಹಿಂದೆ ಡಿಫರೆನ್ಷಿಯಲ್ ಇಲ್ಲ, ಅದು ಮುಂದೆ ಗೇರ್‌ಬಾಕ್ಸಿನೊಳಗೆ ಸೇರಿದೆ. ಬೇರಿಂಗು ಮುಚ್ಚಿದ ಡಬ್ಬಿ, ಬಿಗಿಯುವ ನಟ್ಟಾಗಲಿ ಕಡೆಗೀಲಾಗಲಿ ಇಲ್ಲ, ಕೆಟ್ಟರೆ ಇಡೀ ಹಬ್ಬೇ ಬದಲು. ಇದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಲಕ್ಷ ಕಿಲೋಮೀಟರ್ ಮುಟ್ಟದೇ ಓಡುತ್ತವೆ. ಆದರೆ ಅವೂ ಒಂದು ದಿನ ಅಳುತ್ತವೆ. ಇಂಜಿನ್ನಿನ ಗದ್ದಲವೇ ಇಲ್ಲದ ಎಲೆಕ್ಟ್ರಿಕ್ ಕಾರಿನಲ್ಲಂತೂ ಅಳು ಇನ್ನೂ ಚೆನ್ನಾಗಿ ಕೇಳುತ್ತದೆ.

ಮೊನ್ನೆ ಪುಣೆಯಿಂದ ಮಗ ಫೋನು ಮಾಡಿದ್ದ. ಕಾರಿನಲ್ಲಿ ಗುಂಯ್ ಎಂಬ ಸದ್ದು ಬರುತ್ತಿದೆಯಂತೆ, ಟೈರಿನದಿರಬೇಕು ಎಂದ.

"ಬಲಕ್ಕೆ ತಿರುಗಿಸಿದಾಗ ಹೆಚ್ಚಾಗ್ತದೋ, ಎಡಕ್ಕೆ ತಿರುಗಿಸಿದಾಗಲೋ?" ಎಂದು ಕೇಳಿದೆ.

"ಅಪ್ಪಾ, ಸರ್ವಿಸ್‌ಗೆ ಬಿಡ್ತೇನೆ, ಅವರು ನೋಡ್ಕೊಳ್ತಾರೆ."

ರಾತ್ರಿ ಹತ್ತಕ್ಕೆ ಒಂದು ಮೆಸೇಜು ಬಂತು. "ಎಡಕ್ಕೆ ತಿರುಗಿಸಿದಾಗ" ಎಂದಷ್ಟೇ. ಬಲಗಾಲಿ ನೋಡಲು ಹೇಳು, ಎಂದು ಬರೆದು ಮಲಗಿದೆ.